ತರಗತಿಯ ಗಾಜಿನ ತೊಟ್ಟಿಗೆ ಎಂತಹ ಮೀನುಗಳು?

ಶಾಲೆ ಕಾಲೇಜುಗಳ ತರಗತಿಯಲ್ಲಿ ಗಾಜಿನ ದೊಡ್ಡ ತೊಟ್ಟಿಯೊಂದನ್ನು ಇರಿಸಿ ಮೀನುಗಳನ್ನು ಸಾಕುವುದು ಒಳ್ಳೆಯ ರೂಢಿ. ಪುಸ್ತಕದ ಚಿತ್ರಗಳಲ್ಲಿ ಕಾಣುವ ಕಿವಿರು, ಈಜುರೆಕ್ಕೆ, ಹುರುಪೆಗಳನ್ನು ಅಲ್ಲಿ ಸಜೀವವಾಗಿ, ಕೆಲಸ ಮಾಡುತ್ತಿರುವಂತೆಯೇ ನೋಡಬಹುದು. ಆದರೆ ಇಂತಹ ತೊಟ್ಟಿಗಳ ಚರಿತ್ರೆ ಅನೇಕ ವೇಳೆ ಒಂದೇ ತೆರನಾಗಿರುತ್ತದೆ. ಮೊದಲನೆಯ ದಿನವೇ ಅಂಗಡಿಯಿಂದ ಬಣ್ಣಬಣ್ಣದ ಮೂವತ್ತು ನಲವತ್ತು ಮೀನುಗಳು ಬರುತ್ತವೆ. ಒಂದು ವಾರ ಎಲ್ಲರೂ ತೊಟ್ಟಿಯ ಸುತ್ತ ನೆರೆಯುತ್ತಾರೆ. ಎರಡನೆಯ ವಾರ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯತೊಡಗುತ್ತವೆ. ಬೆಳಿಗ್ಗೆ ಬಾಗಿಲು ತೆರೆದಾಗ ಒಂದೆರಡು ಸತ್ತು ತೇಲುತ್ತಿರುತ್ತವೆ. ತಿಂಗಳು ತುಂಬುವುದರೊಳಗೆ ತೊಟ್ಟಿ ಬರಿದಾಗುತ್ತದೆ. ಆಗ ನೀರನ್ನು ದೂರುವವರು ಕೆಲವರು, ಅಂಗಡಿಯವನನ್ನು ದೂರುವವರು ಕೆಲವರು. ನಿಜವಾದ ಕಾರಣವಾದರೋ ಬಹುಮಟ್ಟಿಗೆ ಆಯ್ಕೆಯಲ್ಲಿಯೇ ಇರುತ್ತದೆ. ಎಷ್ಟು ಮೀನು, ಯಾವ ಮೀನು, ಯಾವ ಕ್ರಮದಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕೊಳ್ಳುವ ಮುನ್ನವೇ ಕಂಡುಕೊಳ್ಳಬೇಕು. ಇದಕ್ಕೆ ಬೇಕಾದುದು ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ಸ್ವಲ್ಪ ರಸಾಯನಶಾಸ್ತ್ರ, ಅಷ್ಟೇ. ಈ ಲೇಖನದಲ್ಲಿ ಆ ಲೆಕ್ಕವನ್ನು ಹಂತ ಹಂತವಾಗಿ ಮಾಡೋಣ.

ತೊಟ್ಟಿಯಲ್ಲಿರುವ ಉಸಿರು

ನಮ್ಮ ತೊಟ್ಟಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ್ದೆಂದು ಇಟ್ಟುಕೊಳ್ಳೋಣ. ಇದರಲ್ಲಿ 40 ಸೆಂ.ಮೀ. ಎತ್ತರಕ್ಕೆ ನೀರು ತುಂಬಿದರೆ 216 ಲೀಟರ್ ಹಿಡಿಯುತ್ತದೆ. ನೀರಿನ ತೂಕವೇ 216 ಕಿಲೋಗ್ರಾಂ. ಗಾಜು, ಮರಳು, ಕಲ್ಲುಗಳು ಸೇರಿದರೆ ಒಟ್ಟು ತೂಕ 300 ಕಿಲೋಗ್ರಾಮಿನ ಸಮೀಪಕ್ಕೆ ಹೋಗುವುದುಂಟು. ಆದುದರಿಂದ ಸಾಧಾರಣ ಮೇಜಿನ ಮೇಲೆ ಇದನ್ನು ಇಡಲಾಗದು. ಗಟ್ಟಿಯಾದ ಪೀಠ ಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿಯೂ ಸಲ್ಲದು.

ಇಷ್ಟು ನೀರಿದ್ದ ಮೇಲೆ ಮೀನುಗಳಿಗೆ ಉಸಿರಿನ ಕೊರತೆ ಎಲ್ಲಿಯದು ಎಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಸಮುದ್ರ ಮಟ್ಟದ ಊರಿನಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿರುವ ಒಂದು ಲೀಟರ್ ಸಿಹಿನೀರಿನಲ್ಲಿ ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವು ಗಾಳಿಯಿಂದ ಬಂದು ಕರಗಿರುತ್ತದೆ. ಬೆಂಗಳೂರಿನಂತೆ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿನಲ್ಲಿ ಗಾಳಿಯ ಒತ್ತಡ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ. ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. 8.3 ಮಿಲಿಗ್ರಾಂ ಎಂದೇ ಹಿಡಿದರೂ 216 ಲೀಟರಿನಲ್ಲಿ ಒಟ್ಟು 1.8 ಗ್ರಾಂ ಆಯಿತು. ನಾವು ಉಸಿರಾಡುವ ಗಾಳಿಯಾದರೋ ಲೀಟರಿಗೆ ಸುಮಾರು 270 ಮಿಲಿಗ್ರಾಂ ಆಮ್ಲಜನಕವನ್ನು ಹೊತ್ತಿರುತ್ತದೆ. ಎಂದರೆ, ಇಡೀ ತೊಟ್ಟಿಯ ನೀರಿನಲ್ಲಿರುವ ಆಮ್ಲಜನಕ ಕೇವಲ ಆರೂವರೆ ಲೀಟರ್ ಗಾಳಿಯಲ್ಲಿರುವುದಕ್ಕೆ ಸಮ! ನೀರು ತುಂಬುವ ಒಂದು ಕೊಡದಲ್ಲಿ ಇದಕ್ಕಿಂತ ಹೆಚ್ಚು ಗಾಳಿ ಹಿಡಿಯುತ್ತದೆ. ಮೂವತ್ತು ನಲವತ್ತು ಜೀವಿಗಳು ಹಗಲಿರುಳು ಬದುಕಬೇಕಾದ ಬಂಡವಾಳ ಇದು.

ಈ ಬಂಡವಾಳ ಖರ್ಚಾದಂತೆಲ್ಲ ಹೊಸ ಆಮ್ಲಜನಕ ಬರುವ ಮುಖ್ಯ ದಾರಿಯೆಂದರೆ ನೀರಿನ ಮೇಲ್ಮೈ. ನಿಂತ ನೀರಿನಲ್ಲಿ ಅದು ಮೇಲ್ಮೈಯಿಂದ ಕೆಳಕ್ಕೆ ಹರಡುವುದು ಅತಿ ನಿಧಾನ; ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದ ಒಂದು ಪಾಲು ಮಾತ್ರ. ನೀರು ಒಂದಿಷ್ಟೂ ಅಲುಗದೆ ನಿಂತಿದ್ದರೆ, ಅಣುಗಳು ತಮ್ಮಷ್ಟಕ್ಕೆ ತಾವೇ ಹರಡಿಕೊಂಡು 40 ಸೆಂ.ಮೀ. ಆಳದ ತಳವನ್ನು ಮುಟ್ಟಲು ಒಂದು ವರ್ಷಕ್ಕೂ ಮಿಕ್ಕಿ ಕಾಲ ಬೇಕೆಂದು ಗಣಿತ ಹೇಳುತ್ತದೆ. ವಾಸ್ತವದಲ್ಲಿ ಮೀನಿನ ಈಜು, ಉಷ್ಣತೆಯ ಏರಿಳಿತ, ಗಾಳಿಯ ಪಂಪು ಇವೆಲ್ಲ ನೀರನ್ನು ಕದಡಿ ಈ ಕೆಲಸವನ್ನು ತ್ವರೆಗೊಳಿಸುತ್ತವೆ. ಪಂಪಿನ ಗುಳ್ಳೆಗಳಿಂದಲೇ ನೀರಿಗೆ ಆಮ್ಲಜನಕ ಸೇರುತ್ತದೆಂದು ಹಲವರು ತಿಳಿಯುತ್ತಾರೆ. ಗುಳ್ಳೆಗಳು ಮಾಡುವ ಮುಖ್ಯ ಉಪಕಾರ ಬೇರೆ: ಅವು ತಳದ ನೀರನ್ನು ಮೇಲಕ್ಕೆತ್ತಿ ಗಾಳಿಗೆ ಒಡ್ಡುತ್ತವೆ.

ಇದರಿಂದ ಮೊದಲನೆಯ ಪಾಠ ದೊರೆಯಿತು. ತೊಟ್ಟಿ ಎಷ್ಟು ಮೀನುಗಳನ್ನು ತಾಳಬಲ್ಲದೆಂಬುದನ್ನು ನಿರ್ಣಯಿಸುವಾಗ ಅದರ ಆಳಕ್ಕಿಂತ ಮೇಲ್ಮೈಯ ವಿಸ್ತೀರ್ಣವೇ ಮುಖ್ಯ. ಮೀನು ಸಾಕುವವರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಿಯಮವೂ ಇದನ್ನೇ ಹೇಳುತ್ತದೆ: ಉಷ್ಣವಲಯದ ಸಣ್ಣ ಮೀನುಗಳಿಗೆ, ಬಾಲವನ್ನು ಬಿಟ್ಟು ದೇಹದ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಸುಮಾರು 30 ಚದರ ಸೆಂಟಿಮೀಟರ್ ಮೇಲ್ಮೈ ಬೇಕು. ನಮ್ಮ ತೊಟ್ಟಿಯ ಮೇಲ್ಮೈ 5,400 ಚದರ ಸೆಂಟಿಮೀಟರ್. ಭಾಗಿಸಿದರೆ 180 ಸೆಂ.ಮೀ. ಬಂದಿತು. 5 ಸೆಂ.ಮೀ. ಉದ್ದದ ಮೀನುಗಳಾದರೆ 36, ಇದೇ ಮೇರೆ.

ಉದ್ದವೂ ತೂಕವೂ

ಈ ನಿಯಮವನ್ನು ಕಣ್ಣು ಮುಚ್ಚಿ ಬಳಸಲಾಗದು. 180 ಸೆಂ.ಮೀ. ಎಂದರೆ 20 ಸೆಂ.ಮೀ. ಉದ್ದದ ಒಂಬತ್ತು ಮೀನುಗಳೂ ಆಗಬಹುದಲ್ಲವೆ? ಆಗಲಾರದು. ಕಾರಣವನ್ನು ಗೆಲಿಲಿಯೋ 1638ರಲ್ಲಿಯೇ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಒಂದೇ ಆಕಾರದ ಎರಡು ದೇಹಗಳಲ್ಲಿ ಒಂದರ ಉದ್ದ ಇನ್ನೊಂದರ ಎರಡರಷ್ಟಿದ್ದರೆ, ಅದರ ಮೇಲ್ಮೈ ನಾಲ್ಕರಷ್ಟು, ಗಾತ್ರವೂ ತೂಕವೂ ಎಂಟರಷ್ಟು ಆಗುತ್ತವೆ. 20 ಸೆಂ.ಮೀ. ಮೀನಿನ ಉದ್ದ 5 ಸೆಂ.ಮೀ. ಮೀನಿನ ನಾಲ್ಕರಷ್ಟು, ತೂಕವಾದರೋ 64ರಷ್ಟು. ಒಂಬತ್ತು ದೊಡ್ಡ ಮೀನುಗಳ ತೂಕ 576 ಸಣ್ಣ ಮೀನುಗಳ ತೂಕಕ್ಕೆ ಸಮ. ಉದ್ದದ ಲೆಕ್ಕದಲ್ಲಿ ಒಂದೇ ಎನಿಸುವ ಎರಡು ಗುಂಪುಗಳಲ್ಲಿ ಒಂದರ ಭಾರ ಮತ್ತೊಂದರ ಹದಿನಾರರಷ್ಟಾಯಿತು. ದೊಡ್ಡ ಮೀನು ತನ್ನ ತೂಕದ ಪ್ರತಿ ಗ್ರಾಮಿಗೆ ಸಣ್ಣ ಮೀನಿಗಿಂತ ತುಸು ಕಡಿಮೆ ಆಮ್ಲಜನಕವನ್ನು ಬಳಸುವುದು ನಿಜ. ಆದರೂ ಹದಿನಾರರಷ್ಟು ಭಾರವನ್ನು ಆ ಉಳಿತಾಯ ಸರಿದೂಗಿಸಲಾರದು. ಆದುದರಿಂದ ಮೇಲಿನ ನಿಯಮ ಐದಾರು ಸೆಂಟಿಮೀಟರ್ ಮೀರದ ಮೀನುಗಳಿಗಷ್ಟೇ ಸಲ್ಲುತ್ತದೆ.

ಇಲ್ಲಿಯೇ ಅಂಗಡಿಯಲ್ಲಿ ಮೋಸಹೋಗುವ ಸಂಭವ. ಅಲ್ಲಿ ಮಾರಾಟಕ್ಕಿರುವವು ಬಹುತೇಕ ಮರಿಗಳು. ಎಲ್ಲವೂ ಬೆರಳುದ್ದವಾಗಿಯೇ ಕಾಣುತ್ತವೆ. ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವ ‘ಸಕ್ಕರ್’ ಮೀನಿನ ಮರಿ ಬೆಳೆದು 40 ಸೆಂ.ಮೀ. ಆಗುತ್ತದೆ. ಆಸ್ಕರ್ ಮೀನು 30 ಸೆಂ.ಮೀ. ವರೆಗೆ ಬೆಳೆಯುತ್ತದೆ. ‘ಶಾರ್ಕ್’ ಎಂಬ ಹೆಸರಿನಿಂದ ಮಾರುವ ಪಂಗಾಸಿಯಸ್ ನಿಜವಾಗಿ ಆಗ್ನೇಯ ಏಷ್ಯದ ಹೊಳೆಗಳ ಮೀನು. ಅದು ಒಂದು ಮೀಟರಿಗೂ ಮೀರುತ್ತದೆ. ಎಲ್ಲರಿಗೂ ಪ್ರಿಯವಾದ ಚಿನ್ನದ ಮೀನು ಸಹ ಕೆರೆಗೊಳಗಳ ಜಾತಿಯದು. ಚೆನ್ನಾಗಿ ಬೆಳೆದರೆ ಇಪ್ಪತ್ತು ಸೆಂಟಿಮೀಟರ್ ದಾಟುತ್ತದೆ, ಬಹಳ ತಿನ್ನುತ್ತದೆ, ನೀರನ್ನು ಬಹಳ ಕೊಳೆ ಮಾಡುತ್ತದೆ. ‘ತೊಟ್ಟಿಯ ಅಳತೆಗೆ ಮೀನು ತಾನೇ ಬೆಳವಣಿಗೆ ನಿಲ್ಲಿಸುತ್ತದೆ’ ಎಂಬ ಮಾತನ್ನು ನಂಬಬಾರದು. ಬೆಳವಣಿಗೆ ಕುಗ್ಗಿದರೆ ಅದು ಕೆಟ್ಟ ನೀರಿನ ಫಲ, ಮೀನಿನ ಜಾಣತನವಲ್ಲ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಪೂರ್ಣವಾಗಿ ಬೆಳೆದಾಗ ಎಷ್ಟು ಉದ್ದ?

ಕಣ್ಣಿಗೆ ಕಾಣದ ವಿಷ

ಆಮ್ಲಜನಕ ಸಾಲುವಷ್ಟಿದ್ದರೂ ಹೊಸ ತೊಟ್ಟಿಯಲ್ಲಿ ಮೀನುಗಳು ಸಾಯುವುದುಂಟು. ಆಹಾರದಲ್ಲಿನ ಪ್ರೋಟೀನನ್ನು ಜೀರ್ಣಿಸಿಕೊಂಡ ಮೇಲೆ ಉಳಿಯುವ ಸಾರಜನಕವನ್ನು ಮೀನು ಮುಖ್ಯವಾಗಿ ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ಹೊಳೆಯಲ್ಲಿ ಇದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಹೋಗಲು ಎಡೆಯಿಲ್ಲ. ಅಮೋನಿಯಾ ಮೀನಿಗೆ ಕಡುವಿಷ.

ಪುಣ್ಯಕ್ಕೆ ಪ್ರಕೃತಿಯಲ್ಲಿಯೇ ಇದಕ್ಕೆ ಪರಿಹಾರವುಂಟು. ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯಾವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ನೈಟ್ರೈಟೂ ಅಪಾಯಕಾರಿಯೇ, ಅದು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ಮತ್ತೊಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಇದು ಬಹಳಷ್ಟು ನಿರಪಾಯ. ಸ್ವಲ್ಪವನ್ನು ಗಿಡಗಳು ಹೀರಿಕೊಳ್ಳುತ್ತವೆ, ಉಳಿದುದನ್ನು ನಾವು ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿ ಹೊರಹಾಕಬಹುದು. ಆದರೆ ಈ ಬ್ಯಾಕ್ಟೀರಿಯಗಳು ಮರಳಿನ ಕಣಗಳ ಮೇಲೆ, ಸೋಸುವ ಸ್ಪಂಜಿನ ಮೇಲೆ ನೆಲೆಯೂರಿ ಸಾಕಷ್ಟು ಸಂಖ್ಯೆಗೆ ಬೆಳೆಯಲು ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ. ಮೊದಲ ದಿನವೇ ನಲವತ್ತು ಮೀನು ಬಿಡುವುದೆಂದರೆ, ಅಡಿಗೆಯವರು ಬರುವ ಮುನ್ನವೇ ನೆಂಟರನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿದಂತೆ. ನಾಲ್ಕೈದು ಗಟ್ಟಿಮುಟ್ಟಾದ ಮೀನುಗಳಿಂದ ಆರಂಭಿಸಿ, ಅತಿ ಕಡಿಮೆ ಆಹಾರ ಕೊಡುತ್ತ, ಆಗಾಗ ನೀರು ಬದಲಿಸುತ್ತ, ಎರಡು ತಿಂಗಳಲ್ಲಿ ಸಂಖ್ಯೆಯನ್ನು ಪೂರ್ತಿ ಮಾಡಬೇಕು. ಸ್ಪಂಜನ್ನು ತೊಳೆಯುವಾಗಲೂ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ನಲ್ಲಿಯ ಕ್ಲೋರಿನ್ ನೀರು ಈ ಉಪಕಾರಿಗಳನ್ನು ಕೊಲ್ಲುತ್ತದೆ.

ನೀರಿಗೆ ತಕ್ಕ ಮೀನು

ಮೀನನ್ನು ಆರಿಸಿ ಅದಕ್ಕೆ ತಕ್ಕ ನೀರನ್ನು ಹುಡುಕುವುದು ಕಷ್ಟ. ನಮ್ಮಲ್ಲಿರುವ ನೀರಿಗೆ ತಕ್ಕ ಮೀನನ್ನು ಆರಿಸುವುದು ಸುಲಭ. ಕರ್ನಾಟಕದ ಬಯಲುಸೀಮೆಯ ಅನೇಕ ಊರುಗಳಲ್ಲಿ ಕೊಳವೆ ಬಾವಿಯ ನೀರು ಗಡಸು. ಅದರ ಪಿಎಚ್ ಮೌಲ್ಯ 8ರ ಸಮೀಪ ಇರುವುದು ಸಾಮಾನ್ಯ. ಇದರಿಂದ ಒಂದು ತೊಡಕುಂಟು. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ವಿಷಕರವಾದ ಅನಿಲ ರೂಪದ ಪಾಲು, 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ಶೇಕಡ 0.6ರಷ್ಟು ಮಾತ್ರ, ಪಿಎಚ್ 8 ಇದ್ದಾಗ ಶೇಕಡ 5ಕ್ಕೂ ಹೆಚ್ಚು. ಅದೇ ಮೀನು, ಅದೇ ಆಹಾರ, ಒಂಬತ್ತರಷ್ಟು ಅಪಾಯ! ಆದುದರಿಂದ ಗಡಸು ನೀರಿನ ಊರಿನವರು ಇನ್ನೂ ಕಡಿಮೆ ಮೀನುಗಳನ್ನು ಇಡುವುದು ಲೇಸು. ಅಮೆಜಾನ್ ಪ್ರದೇಶದ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾದಂತಹ ಮೀನುಗಳು ಇಂತಹ ನೀರಿಗೆ ಒಳ್ಳೆಯ ಆಯ್ಕೆಯಲ್ಲ.

ನಲ್ಲಿಯ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೊರಟುಹೋಗುತ್ತದೆ. ಕ್ಲೋರಮೀನ್ ಬೆರೆಸಿದ ನೀರಿಗೆ ಈ ಉಪಾಯ ಸಾಲದು. ಅಂಗಡಿಯಲ್ಲಿ ಇದಕ್ಕೆಂದೇ ದೊರೆಯುವ ದ್ರಾವಣವನ್ನು ಹಾಕಬೇಕು.

ಉಷ್ಣತೆಯ ಮಾತೂ ಮುಖ್ಯ. ನೀರು 20 ಡಿಗ್ರಿಯಲ್ಲಿರುವಾಗ ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ 7.6 ಮಿಲಿಗ್ರಾಂ ಮಾತ್ರ. ಇತ್ತ ಮೀನು ಶೀತರಕ್ತದ ಪ್ರಾಣಿ. ಹತ್ತು ಡಿಗ್ರಿ ಏರಿದರೆ ಅದರ ದೇಹದ ವ್ಯಾಪಾರಗಳು ಹೆಚ್ಚುಕಡಿಮೆ ಎರಡರಷ್ಟು ವೇಗ ಪಡೆಯುತ್ತವೆ. ಆದಾಯ ಆರನೆಯ ಒಂದು ಪಾಲು ಇಳಿಯುವಾಗ ಖರ್ಚು ಇಮ್ಮಡಿಯಾಯಿತು. ಇರುಳಿನಲ್ಲಿ ಗಿಡಗಳೂ ಆಮ್ಲಜನಕವನ್ನೇ ಬಳಸುವುದರಿಂದ ಬೇಸಗೆಯ ನಸುಕಿನ ಹೊತ್ತು ಅತ್ಯಂತ ಕಠಿಣವಾದುದು. ಕಲಬುರಗಿ, ರಾಯಚೂರುಗಳಂತಹ ಊರಿನವರು ತೊಟ್ಟಿಯ ಲೆಕ್ಕವನ್ನು ಏಪ್ರಿಲ್ ಮೇ ತಿಂಗಳಿಗೆ ಹಾಕಬೇಕಲ್ಲದೆ ಡಿಸೆಂಬರಿಗೆ ಅಲ್ಲ.

ಯಾರೊಡನೆ ಯಾರು?

ಸ್ವಭಾವವನ್ನು ಅರಿಯದೆ ಕೂಡಿಹಾಕಿದರೆ ತೊಟ್ಟಿ ರಣರಂಗವಾಗುತ್ತದೆ. ಫೈಟರ್ ಮೀನಿನ ಎರಡು ಗಂಡುಗಳನ್ನು ಒಂದೆಡೆ ಬಿಡಬಾರದು, ಕಾದಾಡಿ ಗಾಯಗೊಳ್ಳುತ್ತವೆ. ಏಂಜೆಲ್ ಮೀನು ನೋಡಲು ಸೌಮ್ಯ. ಆದರೆ ಬಾಯಿಯಲ್ಲಿ ಹಿಡಿಯುವ ಮೀನನ್ನೆಲ್ಲ ನುಂಗುತ್ತದೆ. ಹಳ್ಳಿಯ ಹುಡುಗರು ಕೆರೆಯಿಂದ ಹಿಡಿದು ತರುವ ಕೊರವದ ಮರಿಯೂ ಅಂತಹುದೇ. ಇನ್ನು ಕೆಲವು ಜಾತಿಗಳು ಗುಂಪಿನಲ್ಲಿದ್ದರೆ ಮಾತ್ರ ನೆಮ್ಮದಿಯಾಗಿರುತ್ತವೆ. ಒಂದೆರಡನ್ನೇ ತಂದರೆ ಹೆದರಿ ಮೂಲೆ ಹಿಡಿಯುತ್ತವೆ. ಹತ್ತು ಜಾತಿಗಳಿಂದ ಎರಡೆರಡು ತರುವುದಕ್ಕಿಂತ ಮೂರು ಜಾತಿಗಳ ಮೂರು ಗುಂಪುಗಳನ್ನು ಇಡುವುದು ಮೀನಿಗೂ ಹಿತ, ನೋಡುವವರಿಗೂ ಹಿತ.

ಬಾಯಿಯ ರಚನೆಯನ್ನು ನೋಡಿದರೆ ಮೀನು ನೀರಿನ ಯಾವ ಅಂತಸ್ತಿನದೆಂದು ಊಹಿಸಬಹುದು. ಬಾಯಿ ಮೇಲ್ಮುಖವಾಗಿದ್ದರೆ ಮೇಲ್ಭಾಗದಲ್ಲಿ ಉಣ್ಣುವುದು, ನೇರವಾಗಿದ್ದರೆ ನಡುವಿನದು, ಕೆಳಮುಖವಾಗಿದ್ದು ಮೀಸೆಗಳಿದ್ದರೆ ತಳದ್ದು. ಮೂರು ಅಂತಸ್ತುಗಳಿಗೂ ಹಂಚಿದಂತೆ ಆರಿಸಿದರೆ ನೂಕುನುಗ್ಗಲು ತಪ್ಪುತ್ತದೆ.

ಒಂದು ಆಯ್ಕೆ

ಈ ಎಲ್ಲ ವಿಚಾರಗಳನ್ನು ಕೂಡಿಸಿ ನಮ್ಮ ತೊಟ್ಟಿಗೆ ಒಂದು ಪಟ್ಟಿ ಮಾಡೋಣ.

ಮೇಲ್ಭಾಗಕ್ಕೆ ಜೀಬ್ರಾ ಡ್ಯಾನಿಯೊ, ಹನ್ನೆರಡು. ಇದು 4 ಸೆಂ.ಮೀ. ಉದ್ದದ, ಮೈಯುದ್ದಕ್ಕೂ ನೀಲಿ ಪಟ್ಟೆಗಳುಳ್ಳ ಚುರುಕಾದ ಮೀನು. ಉಷ್ಣತೆಯ ಏರಿಳಿತವನ್ನೂ ಗಡಸು ನೀರನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ; ಆರಂಭದ ವಾರಗಳಿಗೆ ಇದೇ ಯೋಗ್ಯ. ಇದು ಭಾರತದ್ದೇ ಮೀನು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ನಾಡಿನ ಸ್ಥಿತಿಗತಿಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದನು. ಇಂದು ಇದು ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ಉಂಟು. 2013ರಲ್ಲಿ ಪ್ರಕಟವಾದ ಇದರ ಜೀನೋಮಿನ ಅಧ್ಯಯನದಿಂದ, ಮಾನವನ ಜೀನುಗಳಲ್ಲಿ ಶೇಕಡ 70ರಷ್ಟಕ್ಕೆ ಈ ಮೀನಿನಲ್ಲಿ ಸಂಬಂಧಿಗಳಿವೆ ಎಂದು ತಿಳಿದುಬಂದಿತು. ಇದರ ಮೊಟ್ಟೆ ಪಾರದರ್ಶಕ; ಸುಮಾರು ಒಂದು ದಿನದಲ್ಲಿ ಹೃದಯ ಬಡಿಯತೊಡಗುವುದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿಯೇ ನೋಡಬಹುದು.

ನಡುವಿಗೆ ಟಿಕ್ಟೊ ಬಾರ್ಬ್, ಎಂಟು. ಬೆಳ್ಳಿಯ ಮೈಯ ಮೇಲೆ ಎರಡು ಕಪ್ಪು ಚುಕ್ಕೆಗಳುಳ್ಳ, ಸುಮಾರು 6 ಸೆಂ.ಮೀ. ಉದ್ದದ ಈ ಮೀನೂ ನಮ್ಮ ದೇಶದ್ದೇ; ಹ್ಯಾಮಿಲ್ಟನ್ನನ ಅದೇ ಗ್ರಂಥದಲ್ಲಿ ವರ್ಣಿತವಾದುದು.

ತಳಕ್ಕೆ ಲೋಚ್ ಜಾತಿಯ ಸಣ್ಣ ಮೀನುಗಳು, ಐದು. ಇವು ಸುಮಾರು 6 ಸೆಂ.ಮೀ. ಉದ್ದದ, ಮೀಸೆಯುಳ್ಳ, ನೀಳದೇಹದ ಮೀನುಗಳು. ಮರಳಿನಲ್ಲಿ ಹುದುಗಿ, ಉಳಿದ ಮೀನುಗಳು ಬಿಟ್ಟ ಆಹಾರದ ಚೂರುಗಳನ್ನು ಹೆಕ್ಕಿ ತಿನ್ನುತ್ತವೆ. ಇವಕ್ಕೆ ಚೂಪಾದ ಜಲ್ಲಿ ಸಲ್ಲದು, ನಯವಾದ ಮರಳು ಬೇಕು.

ಲೆಕ್ಕ ನೋಡಿ: 48, 48, 30, ಒಟ್ಟು 126 ಸೆಂ.ಮೀ. ಮೇರೆ 180. ಉಳಿದ 54 ಸೆಂಟಿಮೀಟರನ್ನು ತುಂಬುವ ಆಸೆ ಬೇಡ. ವಿದ್ಯುತ್ತು ಹೋಗಿ ಪಂಪು ನಿಂತ ರಾತ್ರಿ, ಬಿರುಬೇಸಗೆಯ ದಿನ, ಯಾರೋ ಆಹಾರವನ್ನು ಹೆಚ್ಚಾಗಿ ಸುರಿದ ದಿನ ಮೀನುಗಳನ್ನು ಉಳಿಸುವುದು ಆ ಬರಿದಾದ ಪಾಲೇ.

ಗಪ್ಪಿಯನ್ನು ಏಕೆ ಸೇರಿಸಲಿಲ್ಲವೆಂದು ಕೆಲವರು ಕೇಳಬಹುದು. ಮರಿ ಹಾಕುವ ಈ ಮೀನು ಅನುವಂಶೀಯತೆಯ ಪಾಠಕ್ಕೆ ಬಹಳ ಉಪಯುಕ್ತ. ಆದರೆ ಬಾರ್ಬುಗಳು ಅದರ ಉದ್ದ ಬಾಲವನ್ನು ಕಚ್ಚುವುದುಂಟು. ಗಂಡು ಹೆಣ್ಣು ಕೂಡಿದ್ದರೆ ಸಂಖ್ಯೆ ಕೆಲವೇ ತಿಂಗಳಲ್ಲಿ ಲೆಕ್ಕ ಮೀರುತ್ತದೆ. ಅದಕ್ಕೆ ಬೇರೆ ತೊಟ್ಟಿಯೇ ಸರಿ. ಪಶ್ಚಿಮಘಟ್ಟದ ತೊರೆಗಳ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಅತಿ ಸುಂದರ. ಆದರೆ ಅಲಂಕಾರಕ್ಕಾಗಿ ಹಿಡಿದು ಮಾರಿದ್ದರಿಂದ ಅದರ ಸಂಖ್ಯೆ ಕುಗ್ಗಿ ಅಳಿವಿನ ಅಂಚಿನ ಜಾತಿಗಳ ಪಟ್ಟಿಗೆ ಸೇರಿದೆ, ಹದಿನೈದು ಸೆಂ.ಮೀ. ವರೆಗೆ ಬೆಳೆಯುವುದೂ ಉಂಟು. ತೊರೆಯಿಂದ ಹಿಡಿದು ತಂದುದನ್ನು ತರಗತಿಗೆ ತರಲಾಗದು.

ರಜೆಯ ಪ್ರಶ್ನೆ, ಕೆರೆಯ ಪ್ರಶ್ನೆ

ಎರಡು ನಿಮಿಷದಲ್ಲಿ ಮೀನುಗಳು ತಿಂದು ಮುಗಿಸುವಷ್ಟು ಆಹಾರ ದಿನಕ್ಕೆ ಒಂದು ಸಲ ಸಾಕು. ಶನಿವಾರ ಭಾನುವಾರ ಆಹಾರವಿಲ್ಲದಿದ್ದರೂ ದೊಡ್ಡ ಮೀನುಗಳಿಗೆ ಬಾಧಕವಿಲ್ಲ. ಹಸಿವಿನಿಂದ ಸಾಯುವ ಮೀನಿಗಿಂತ ಹೆಚ್ಚಾದ ಆಹಾರದಿಂದ ಸಾಯುವ ಮೀನೇ ಹೆಚ್ಚು. ಆದರೆ ದಸರಾ ರಜೆ, ಬೇಸಗೆ ರಜೆಗಳಲ್ಲಿ ಯಾರು ನೋಡಿಕೊಳ್ಳುವರೆಂಬುದು ಮೀನು ಕೊಳ್ಳುವ ಮೊದಲೇ ನಿಶ್ಚಯವಾಗಿರಬೇಕು. ಇದಕ್ಕೆ ಉತ್ತರವಿಲ್ಲದ ಶಾಲೆ ತೊಟ್ಟಿಯಲ್ಲಿ ಗಿಡಗಳನ್ನಷ್ಟೇ ಬೆಳೆಸುವುದು ಮೇಲು.

ಬೇಡವಾದ ಮೀನನ್ನು ಊರ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವವರೂ ಉಂಟು. ಇದು ದಯೆಯಂತೆ ತೋರುವ ಅಪರಾಧ. ಭಾರತಕ್ಕೆ 1928ರಲ್ಲಿ ಸೊಳ್ಳೆಯ ಮರಿಗಳ ನಿವಾರಣೆಗೆಂದು ಗ್ಯಾಂಬೂಸಿಯಾ ಬಂದಿತು. 1952ರಲ್ಲಿ ಆಹಾರಕ್ಕೆಂದು ತಿಲಾಪಿಯಾ ಬಂದಿತು. ಎರಡೂ ಕೆರೆಕಟ್ಟೆಗಳಲ್ಲಿ ಹಬ್ಬಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ. ತೊಟ್ಟಿಗಳಿಂದ ಹೊರಬಿದ್ದ ಸಕ್ಕರ್ ಮೀನು ಈಗ ದೇಶದ ಹಲವು ಹೊಳೆ ಕೆರೆಗಳಲ್ಲಿ ನೆಲೆಸಿದೆ. 2018ರ ಕೇರಳದ ಮಹಾಪೂರದ ಬಳಿಕ ಅಮೆಜಾನಿನ ದೈತ್ಯಮೀನಾದ ಅರಪೈಮಾ ಅಲ್ಲಿನ ನದಿಗಳಲ್ಲಿ ಬಲೆಗೆ ಸಿಕ್ಕಿತು. ಮೀನು ಹೆಚ್ಚಾದರೆ ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೆ ಇನ್ನೊಂದು ಶಾಲೆಗೆ ಕೊಡಬೇಕು. ಕೆರೆಗೆ ಎಂದಿಗೂ ಬಿಡಬಾರದು.

ಮಾಡಿ ನೋಡಿ

1. ಅದೇ 216 ಲೀಟರ್ ನೀರನ್ನು 45 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಎತ್ತರವಾದ ತೊಟ್ಟಿಯಲ್ಲಿ ತುಂಬಿದೆ. ನೀರಿನ ಎತ್ತರವೆಷ್ಟು? ಮೇಲಿನ ನಿಯಮದಂತೆ 5 ಸೆಂ.ಮೀ. ಉದ್ದದ ಎಷ್ಟು ಮೀನುಗಳನ್ನು ಇಡಬಹುದು?

2. ಒಂದೇ ಮೀನಿನ ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆಯುವುದೆಂದು ಬೆಳಿಗ್ಗೆಯೂ ಮಧ್ಯಾಹ್ನವೂ ಎಣಿಸಿ, ನೀರಿನ ಉಷ್ಣತೆಯನ್ನೂ ಬರೆದಿಡಿ. ಒಂದು ತಿಂಗಳ ಅಂಕಿಗಳಿಂದ ನಕ್ಷೆ ಬರೆಯಿರಿ. ನೀರನ್ನು ಬೇಕೆಂದೇ ಕಾಯಿಸಬೇಡಿ.

3. ನಿಮ್ಮ ಊರಿನ ಮೀನಿನ ಅಂಗಡಿಯಲ್ಲಿರುವ ಹತ್ತು ಜಾತಿಗಳ ಹೆಸರು ಬರೆದು, ಪ್ರತಿಯೊಂದೂ ಪೂರ್ಣ ಬೆಳೆದಾಗ ಎಷ್ಟು ಉದ್ದವೆಂದು ವಿಚಾರಿಸಿ. ಅವುಗಳಲ್ಲಿ ನಿಮ್ಮ ತರಗತಿಯ ತೊಟ್ಟಿಗೆ ಸಲ್ಲುವವು ಎಷ್ಟು?